ಕಾಯ್ದ ಕೈಯೇ ಕಡಿದ ಒಡ್ಡು

ಬೀಳಗಿ ಕಡೆಯ ಈ ಹಳ್ಳದ ಮೇಲಿನ ಮಂಜು ಇನ್ನೂ ಸರಿದಿಲ್ಲ. ಒಡ್ಡಿನ ಇಳಿಜಾರಿನಲ್ಲಿ ಹೆಂಗಸೊಬ್ಬರು ಮೊಣಕಾಲೂರಿ ಕುಳಿತು, ಏಡಿ ಕೊರೆದ ಬಿಲದೊಳಗೆ ತೋಳು ಇಳಿಬಿಟ್ಟಿದ್ದಾರೆ. ಬಿಲ ಎಲ್ಲಿಯವರೆಗೆ ಹೋಗಿದೆ ಎಂದು ಬೆರಳಿನಲ್ಲೇ ನೋಡಿಕೊಂಡು, ಪಕ್ಕದ ಬುಟ್ಟಿಯಿಂದ ಹಸಿಮಣ್ಣು ತೆಗೆದು ಹಿಡಿಹಿಡಿಯಾಗಿ ತುರುಕುತ್ತಾರೆ. ತುಂಬಿದ ಮೇಲೆ ಹಿಮ್ಮಡಿಯಿಂದ ತುಳಿಯುತ್ತಾರೆ. ನೀರಿನ ಕಡೆ ಜೊಂಡಿನೊಳಗೆ ಜಂಬುಕೋಳಿಗಳು ಕೂಗುತ್ತಿವೆ. ಮುಳುಗಿ ನಿಂತ ಜಾಲಿಗಿಡದ ಒಣ ಟೊಂಗೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿವೆ. ಹೆಂಗಸು ತಲೆ ಎತ್ತುವುದಿಲ್ಲ.

“ಹಕ್ಕಿ ನೋಡಾಕ ಮಂದಿ ಬರ್ತಾರ್ರಿ, ಕ್ಯಾಮೆರಾ ತರ್ತಾರ. ನಂಗ ಬಿಲ ನೋಡೂದರಾಗ ಹೊತ್ತ ಹೋಗ್ತೈತಿ,” ಎನ್ನುತ್ತಾರೆ.

ಇವರು ಲಗಮವ್ವ. ವಯಸ್ಸು ಅರವತ್ತರ ಹತ್ತಿರ. ಮೀನುಗಾರರ ಸಂಘ ಈ ಒಡ್ಡನ್ನು ನೋಡಿಕೊಳ್ಳಲು ಇಟ್ಟುಕೊಂಡಿರುವುದು ಇವರೊಬ್ಬರನ್ನೇ. ಒಡ್ಡು ದೊಡ್ಡದೇನಲ್ಲ. ಎರಡಾಳೆತ್ತರ, ಒಂದು ಕೂಗಳತೆಯ ಉದ್ದ, ನೀರಿನ ಮಗ್ಗುಲಿಗೆ ಕಲ್ಲು ಹೊದಿಸಿದ ಬರೀ ಮಣ್ಣಿನ ಕಟ್ಟೆ. ಬೇಸಿಗೆಯಲ್ಲಿ ಆಲಮಟ್ಟಿಯ ಹಿನ್ನೀರು ಹಿಂದೆ ಸರಿದಾಗ ಸುತ್ತಲೆಲ್ಲ ಬಿರಿದ ಕೆಸರು ಉಳಿಯುತ್ತದೆ. ಈ ಒಡ್ಡಿನ ಹಿಂದೆ ಮಾತ್ರ ನೀರು ನಿಲ್ಲುತ್ತದೆ. ಅಲ್ಲಿ ಮೀನು ಮರಿ ಮಾಡುತ್ತವೆ. ಚಳಿಗಾಲದಲ್ಲಿ ದೂರದ ಬಾತುಗಳು ಇಳಿಯುತ್ತವೆ. ಎರಡು ವರ್ಷದಿಂದ ನೀರುನಾಯಿಗಳೂ ಕಾಣಿಸಿಕೊಳ್ಳುತ್ತಿವೆ. ಇಲ್ಲಿ ಹಿಡಿದ ಕಟ್ಲಾ, ರೋಹು ಬೀಳಗಿಗೂ ಜಮಖಂಡಿಗೂ ಹೋಗುತ್ತದೆ.

ಲಗಮವ್ವ ಅಂಬಿಗರ ಮನೆಯ ಮಗಳು. ತಂದೆ ಹೊಳೆ ದಾಟಿಸುತ್ತಿದ್ದರು, ದಂಡೆಯಲ್ಲಿ ಒಂದಿಷ್ಟು ಹೊಲವೂ ಇತ್ತು. ತವರೂರು, ಗಂಡನ ಊರು ಎರಡೂ ಹಿನ್ನೀರಿನಲ್ಲಿ ಮುಳುಗಿದವು. ಅವರೂ ತಮ್ಮ ಶಂಕರೆಪ್ಪನೂ ಒಂದೇ ಪುನರ್ವಸತಿ ಕಾಲನಿಗೆ ಬಂದರು. ಮುಳುಗಿದ ಭೂಮಿಯ ಬದಲಿಗೆ ಶಂಕರೆಪ್ಪ ಈ ಒಡ್ಡಿನ ಕೆಳಗೆ, ಬಲಮಗ್ಗುಲಿಗೆ, ಹೊಲ ಮಾಡಿಕೊಂಡು ಕಬ್ಬು ಹಚ್ಚಿದರು. ಎಡಮಗ್ಗುಲಿನ ತಗ್ಗಿನಲ್ಲಿ ಕಾಲನಿಯ ಮನೆಗಳಿವೆ. ಒಡ್ಡು ಕಾಯುವ ಕೆಲಸ ಮೊದಲು ಲಗಮವ್ವನ ಗಂಡ ಕಾಶಪ್ಪನದಾಗಿತ್ತು. ಕಾಮಾಲೆಯಾಗಿ ಆತ ತೀರಿಕೊಂಡ ಮೇಲೆ ಸಲಿಕೆ ಇವರ ಕೈಗೆ ಬಂತು.

“ಊರ ನೀರಿಗೆ ಹೋತು. ಮತ್ತ ನೀರ ಕಾಯೂ ಕೆಲಸಕ್ಕ ಬಂದೆ. ಬ್ಯಾರೆ ಏನ್ ಬರ್ತಿತ್ತರಿ ನಂಗ?”

ದಿನಾ ಒಂದು ಸಲ ಒಡ್ಡಿನ ಮೇಲೆ, ಒಂದು ಸಲ ಬುಡದಲ್ಲಿ ನಡೆಯುತ್ತಾರೆ. ಜಾಲಿ ಸಸಿ ಕಂಡರೆ ಬೇರುಸಮೇತ ಕೀಳುತ್ತಾರೆ. ಬಿಟ್ಟರೆ ಬೇರು ಮಣ್ಣೊಳಗೆ ಇಳಿದು, ಒಣಗಿದಾಗ ನೀರಿಗೆ ದಾರಿಯಾಗುತ್ತದೆ. ಮಳೆ ಕೊರೆದ ಕಡೆ ಮಣ್ಣು ಹಾಕಿ ದಿಮ್ಮಸು ಹೊಡೆಯುತ್ತಾರೆ. ದಿಮ್ಮಸು ಎಂದರೆ ಹಿಡಿ ಹಚ್ಚಿದ ಭಾರದ ಮರದ ತುಂಡು. ಅದನ್ನೆತ್ತಿ ಎತ್ತಿ ಅವರ ಬಲಭುಜ ಎಡಕ್ಕಿಂತ ಕೆಳಗಿಳಿದಿದೆ.

ನಾಲ್ಕು ವರ್ಷದ ಹಿಂದಿನ ಮಾತನ್ನು ಲಗಮವ್ವ ತಾವಾಗಿ ಎತ್ತುವುದಿಲ್ಲ. ನನಗೆ ಮೊದಲು ಹೇಳಿದವರು ಸಂಘದ ಅಧ್ಯಕ್ಷ ಗಿರಿಮಲ್ಲಪ್ಪ. ಆಮೇಲೆ ಕೇಳಿದಾಗ ಲಗಮವ್ವ ಕೈಯ ಮಣ್ಣು ಉಜ್ಜಿಕೊಳ್ಳುತ್ತ ಎಲ್ಲವನ್ನೂ ಹೇಳುತ್ತಾರೆ.

ಆ ವರ್ಷ ಹಿಂಗಾರು ಮಳೆ ಬಿಡದೆ ಸುರಿಯಿತು. ಹೆಚ್ಚಾದ ನೀರು ಹೊರಹೋಗಲು ಇದ್ದ ಕೋಡಿ ಸಣ್ಣದು. ಕೊಚ್ಚಿ ಬಂದ ಮುಳ್ಳುಕಂಟಿ ಸಿಕ್ಕಿಕೊಂಡು ಅದೂ ಕಟ್ಟಿಕೊಂಡಿತು. ಒಂದು ಮುಂಜಾನೆ ನೀರು ಒಡ್ಡಿನ ನೆತ್ತಿ ಮುಟ್ಟಲು ಗೇಣಷ್ಟೇ ಉಳಿದಿತ್ತು. ಲಗಮವ್ವ ಬುಡದಲ್ಲಿ ನಡೆದು ನೋಡಿದರೆ ನಟ್ಟನಡುವೆ ನೀರು ಜಿನುಗುತ್ತಿದೆ. ತಿಳಿನೀರಾಗಿದ್ದರೆ ಅಂಜುತ್ತಿರಲಿಲ್ಲ. ಅದು ರಾಡಿನೀರು. ಒಳಗಿನ ಮಣ್ಣು ಕರಗಿ ಹೊರಬರುತ್ತಿತ್ತು. ನಡುವೆ ಒಡೆದರೆ ಅಷ್ಟೂ ನೀರು ಕಾಲನಿಯ ಮೇಲೆ.

ಗಿರಿಮಲ್ಲಪ್ಪ ಫೋನ್ ಮಾಡುತ್ತಲೇ ಇದ್ದರು. ಹಳ್ಳ ತುಂಬಿ ರಸ್ತೆ ಕಡಿದುಹೋಗಿ, ಜೆಸಿಬಿ ಬರುವ ಹಾದಿಯೇ ಇರಲಿಲ್ಲ. ಉಳಿದದ್ದು ಒಂದೇ ಉಪಾಯ: ಬಲತುದಿಯಲ್ಲಿ ಒಡ್ಡನ್ನು ತಾವೇ ಕಡಿದು ನೀರು ಬಿಡುವುದು. ಕೆಳಗೆ ಕಟಾವಿಗೆ ಬಂದ ಶಂಕರೆಪ್ಪನ ಕಬ್ಬು ನಿಂತಿತ್ತು. ಸುದ್ದಿ ಕೇಳಿ ಶಂಕರೆಪ್ಪ ಮಳೆಯಲ್ಲೇ ಓಡಿ ಬಂದರು.

“ಅಕ್ಕಾ, ಇನ್ನೊಂದೀಟು ತಡಿ. ಮಳಿ ನಿಂತೀತು.”

“ಮಳಿ ನಿಂತ್ರೂ ಮ್ಯಾಲಿನ ನೀರ ಬರೂದೈತಿ, ಶಂಕ್ರಾ.”

“ಆ ಹೊಲ ಬಿಟ್ರ ನಂಗೇನೈತಿ? ನಿಂಗ ಗೊತ್ತಿಲ್ಲೇನು?”

“ಗೊತ್ತೈತಿ. ಆಕಡಿ ಮನ್ಯಾಗ ಕೂಸು ಮಲಗ್ಯಾವ. ಈಕಡಿ ಕಬ್ಬೈತಿ.”

ಶಂಕರೆಪ್ಪ ತಲೆಯ ಮೇಲಿನ ಗೋಣಿಚೀಲ ತೆಗೆದು ಕೆಸರಿಗೆ ಒಗೆದು, ಬೆನ್ನು ತಿರುಗಿಸಿ ನಡೆದರು. ಲಗಮವ್ವ ಸಲಿಕೆ ಹಾಕಿದರು. ಸಂಘದ ನಾಲ್ಕಾರು ಗಂಡಸರು ಕೈಜೋಡಿಸಿದರು. ಮೊದಲು ಗೇಣಗಲದ ಕಾಲುವೆ, ಆಮೇಲೆ ನೀರು ತಾನೇ ಅಗಲ ಮಾಡಿಕೊಂಡಿತು. ನೋಡನೋಡುತ್ತ ಒಡ್ಡಿನ ಬಲತುದಿ ಕುಸಿದು ಹೊಲಕ್ಕಿಳಿಯಿತು. ಕಬ್ಬು ಬುಡಸಮೇತ ಮಲಗಿತು. ಬಾವಿ ಹೂಳು ತುಂಬಿ ನೆಲಸಮವಾಯಿತು. ಕೆರೆಯ ಜೊಂಡಿನ ತೆಪ್ಪಗಳು ಕಿತ್ತುಕೊಂಡು ಬಂದವು.

“ಜೊಂಡಿನ ಮ್ಯಾಲ ಗೂಡಿದ್ದೂರಿ. ತತ್ತಿ ಇದ್ದೂ. ಒಂದ ಗೂಡಿನ ಜೊತಿ ತಾಯಿನೂ ಈಸಾಡಕೋತ ಬಂತು, ಬಿಡವಲ್ದು. ನಾ ಕಡದ ಜಾಗದಾಗ ಬಂದು ಗೂಡು ಮಗಚಿತು. ಆ ಹಕ್ಕಿ ಸುತ್ತೂಕಡಿ ತಿರಗತಿತ್ತು. ನಾ ಸಲಿಕಿ ಹಿಡ್ಕೊಂಡು ನಿಂತಿದ್ದೆ.”

ಕಾಲನಿಯ ಒಂದು ಗೋಡೆಯೂ ಬೀಳಲಿಲ್ಲ. ಬೀಳಲಿಲ್ಲವಾದ್ದರಿಂದ ಏನು ಬೀಳಬಹುದಿತ್ತು ಎಂಬುದನ್ನು ಯಾರೂ ಹೆಚ್ಚು ದಿನ ನೆನೆಯಲಿಲ್ಲ. ಸಂಘದವರ ಒಂದು ವರ್ಷದ ಮೀನು ಹೋಯಿತು. ಆ ಚಳಿಗಾಲ ಬಾತುಗಳು ಆಕಾಶದಲ್ಲೇ ಒಂದು ಸುತ್ತು ಹಾಕಿ ಹೊರಟುಹೋದವು. ಶಂಕರೆಪ್ಪ ಅಕ್ಕನ ಜೊತೆ ಮಾತು ಬಿಟ್ಟರು. ಸಿಕ್ಕವರ ಮುಂದೆ ಒಂದೇ ಮಾತು ಆಡುತ್ತಿದ್ದರಂತೆ: “ಒಮ್ಮಿ ಸರಕಾರ ಮುಳಗಿಸ್ತು, ಇನ್ನೊಮ್ಮಿ ನಮ್ಮಕ್ಕ ಮುಳಗಿಸಿದ್ಲು.”

ನಾಗಪಂಚಮಿ ಬಂದರೆ ಈ ಕಡೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಮನೆಗೆ ಕರೆಯುತ್ತಾರೆ. ನಾಲ್ಕೇ ಮನೆ ಆಚೆಗಿದ್ದ ತಮ್ಮ ಕರೆಯಲು ಬರಲಿಲ್ಲ. ಲಗಮವ್ವ ಹಬ್ಬದ ಉಂಡಿ ಕಟ್ಟಿ ಇಟ್ಟುಕೊಂಡು ಕಾದರು.

“ಸಿಟ್ಟು ತಪ್ಪಲ್ರಿ ಅವಂದು. ಅವನ ಜಾಗದಾಗ ನಾ ಇದ್ರ ನಾನೂ ಮಾತ ಬಿಡ್ತಿದ್ದೆ.”

ಮೊದಲ ಬೇಸಿಗೆಯಲ್ಲೇ ಕಾಲನಿಯ ಹೆಂಗಸರನ್ನು ಕರೆದುಕೊಂಡು ಲಗಮವ್ವ ಕಡಿದ ಜಾಗ ತುಂಬಲು ತೊಡಗಿದ್ದರು. ಬುಟ್ಟಿಯಲ್ಲಿ ಹೊತ್ತ ಮಣ್ಣು ಎಲ್ಲಿಗೂ ಸಾಲಲಿಲ್ಲ. ಕೆರೆಯಂಗಳದ ಎರೆಮಣ್ಣು ಹಾಕಿದರೆ ಒಣಗಿದ ಕೂಡಲೇ ಬಿರಿಯುತ್ತಿತ್ತು. ಎರಡನೆಯ ಬೇಸಿಗೆಯ ನಡುವೆ ಶಂಕರೆಪ್ಪ ಗಿರಿಮಲ್ಲಪ್ಪನವರ ಮನೆ ಬಾಗಿಲಿಗೆ ಬಂದರು. ಒಳಗೆ ಬಾ ಎಂದರೂ ಬರಲಿಲ್ಲ.

“ನಿಮ್ಮ ಒಡ್ಡಿನ ಮಣ್ಣ ನನ್ನ ಹೊಲದಾಗ ಬಿದ್ದೈತಿ. ತಗೊಂಡ ಹೋಗ್ರಿ.”

ಸಂಘದ ಹತ್ತಿರ ಟ್ರ್ಯಾಕ್ಟರ್ ಇರಲಿಲ್ಲ. ಗಿರಿಮಲ್ಲಪ್ಪ ಹಾಗೆ ಹೇಳಿದಾಗ ಶಂಕರೆಪ್ಪ ಹೊರಟುಹೋದರು. ಮರುದಿನ ಅವರೇ ಎಲ್ಲಿಂದಲೋ ಟ್ರ್ಯಾಕ್ಟರ್ ತಂದು, ಟ್ರೇಲರ್ ತುಂಬಿಕೊಂಡು ಒಡ್ಡಿಗೆ ಬಂದು, ಯಾರನ್ನೂ ನೋಡದೆ ಮಣ್ಣು ಸುರುವಿ ಮರಳಿದರು. ಲಗಮವ್ವ ಅದನ್ನು ಹರವಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದರು. ದಿನಾ ಹೀಗೇ ನಡೆಯಿತು. ತಮ್ಮ ತರುವುದು, ಅಕ್ಕ ಬಡಿಯುವುದು, ನಡುವೆ ಮಾತಿಲ್ಲ. ಶಂಕರೆಪ್ಪನ ಹೆಂಡತಿ ಇಂದ್ರವ್ವ ಮಧ್ಯಾಹ್ನ ರೊಟ್ಟಿಯ ಗಂಟು ತರುತ್ತಿದ್ದರು. ಗಂಟಿನಲ್ಲಿ ಗಂಡ ಉಣ್ಣುವುದಕ್ಕಿಂತ ಹೆಚ್ಚು ರೊಟ್ಟಿ ಇರುತ್ತಿದ್ದವು. ಉಳಿದವನ್ನು ಒಡ್ಡಿನ ಕಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದರು.

ಮಳೆಗಾಲ ಹತ್ತಿರವಾದಾಗ ಒಂದು ದಿನ ಶಂಕರೆಪ್ಪ ಟ್ರ್ಯಾಕ್ಟರಿನಿಂದ ಇಳಿದು, ಹೊಸ ಮಣ್ಣಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರು.

“ಇಲ್ಲಿ ಒಂದೀಟು ಸೊಟ್ಟ ಆಗೈತಿ, ಅಕ್ಕಾ.”

“ಹೌದಾ? ಹಂಗಾರ ಇನ್ನೊಂದ ಟ್ರಿಪ್ ಹಾಕು,” ಎಂದರು ಲಗಮವ್ವ. ಅಷ್ಟು ಹೇಳಿ ಮುಖ ತಿರುಗಿಸಿ ದಿಮ್ಮಸು ಎತ್ತಿದೆ ಎಂದು ನೆನೆಯುತ್ತಾರೆ. ಆ ವರ್ಷವೂ ಪಂಚಮಿಗೆ ಶಂಕರೆಪ್ಪ ಕರೆಯಲು ಬರಲಿಲ್ಲ, ಇಂದ್ರವ್ವನನ್ನು ಕಳಿಸಿದರು. ಲಗಮವ್ವ ಹೋಗಿ ಉಂಡು ಬಂದರು. ಅಕ್ಕತಮ್ಮಂದಿರ ನಡುವೆ ಈಗಲೂ ಮಾತು ಕಡಿಮೆಯೇ. ಹೊಲದ ಒಂದು ತುಂಡು ಇನ್ನೂ ಪೂರ್ತಿ ಸುಧಾರಿಸಿಲ್ಲ.

ಬಿಸಿಲು ಏರುತ್ತಿದೆ. ಲಗಮವ್ವ ಕೋಡಿಯ ಹತ್ತಿರ ನಿಂತು ಅದರ ಬಾಯಿಗೆ ತೊಡರಿದ ಕಂಟಿ ಎಳೆದು ಹಾಕುತ್ತಾರೆ. ಇದನ್ನು ಅಗಲ ಮಾಡಿ ಕಲ್ಲಿನಲ್ಲಿ ಕಟ್ಟಿಕೊಡಿ ಎಂದು ಸಂಘ ಅರ್ಜಿ ಕೊಟ್ಟು ಕುಳಿತಿದೆ. ನಿಮಗೇನು ಬೇಕು ಎಂದು ಕೇಳುತ್ತೇನೆ. ಕೈಯಲ್ಲಿದ್ದ ಕಂಟಿಯನ್ನು ದೂರ ಒಗೆದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ನಂಗೇನ್ ಬ್ಯಾಡ್ರಿ. ಈ ಕೋಡಿ ಒಂದು ದೊಡ್ಡದಾಗ್ಲಿ. ನನ್ನ ಹಿಂದ ಬರಾಕಿಗೆ ಬಿಲ ಮುಚ್ಚೂದಿರ್ಲಿ, ಮಣ್ಣ ಹೊರೂದಿರ್ಲಿ. ಕಡಿಯೂ ಹೊತ್ತು ಮಾತ್ರ ಬರಬಾರ್ದು.”