ಮೂರನೇ ಕಂಬದ ಎರಡು ಮಿಲಿಮೀಟರ್

ನಾಲ್ಕು ವರ್ಷದ ಹಿಂದೆ, ನಿವೃತ್ತಿಗೆ ಏಳು ತಿಂಗಳಿರುವಾಗ, ನಮ್ಮ ಪ್ರಯೋಗಾಲಯದ ಹೊಸ ದೂರಮಾಪಕವನ್ನು ಬಯಲಿನಲ್ಲಿ ಪರೀಕ್ಷಿಸಲು ನನ್ನನ್ನು ಕುಂದಾಪುರಕ್ಕೆ ಕಳಿಸಿದರು. ಪೇಟೆಯಿಂದ ಒಳಗೆ, ಹೊಳೆಗೆ ಅಡ್ಡಲಾಗಿ ಐದು ಕಂಬಗಳ ಹಳೆಯ ಸೇತುವೆ. ಹೆಸರು ಇಲ್ಲಿ ಬೇಡ. ದಡದ ಬಂಡೆಯ ಮೇಲೆ ಉಪಕರಣವಿಟ್ಟು, ಪ್ರತಿ ಕಂಬಕ್ಕೂ ಒಂದು ಕನ್ನಡಿ ಕೂರಿಸಿದೆ.

ಉಪಕರಣದ ಒಳಗಿದ್ದದ್ದು ಫ್ರೀಕ್ವೆನ್ಸಿ ಕೋಂಬ್ ಲೇಸರ್. ಅದರ ಬೆಳಕಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಸಮ ಅಂತರದ ಸಾವಿರಾರು ಆವರ್ತನಗಳಿರುತ್ತವೆ. ಕನ್ನಡಿಗೆ ತಾಗಿ ಮರಳಿದ ಬೆಳಕನ್ನು ಉಪಕರಣದಲ್ಲೇ ಉಳಿದ ಬೆಳಕಿನೊಂದಿಗೆ ಬೆರೆಸಿ ದೂರ ಅಳೆಯುವುದೇ ಇಂಟರ್‌ಫೆರೋಮೆಟ್ರಿ. ಕೂದಲೆಳೆಗಿಂತ ಸಣ್ಣ ಅಲುಗಾಟವೂ ಸಿಗುತ್ತದೆ. ನಡುವೆ ದೋಣಿ ಅಡ್ಡ ಬಂದರೂ ಲೆಕ್ಕ ತಪ್ಪುವುದಿಲ್ಲ.

ಎರಡು ದಿನ ಎಲ್ಲ ಸುಮ್ಮನಿತ್ತು. ಮೂರನೇ ದಿನ ಕಡಲ ಇಳಿತದ ಹೊತ್ತಿಗೆ ಮೂರನೇ ಕಂಬ ದಡದತ್ತ 0.8 ಮಿಲಿಮೀಟರ್ ವಾಲಿತು. ಭರತಕ್ಕೆ ಹಿಂದೆ ಸರಿಯಿತು. ಮರುದಿನ 1.4. ಈ ಸಲ ಪೂರ್ತಿ ಹಿಂದೆ ಹೋಗಲಿಲ್ಲ. ಐದನೇ ದಿನ ಮಧ್ಯಾಹ್ನ 2.1.

ಬಿಸಿಗಾಳಿಯಿಂದಲೂ ಅಳತೆ ಕೆಡುವುದುಂಟು. ಆದರೆ ಗಾಳಿಯ ದೋಷವಾಗಿದ್ದರೆ ಇನ್ನೂ ದೂರದ ನಾಲ್ಕನೇ ಕಂಬದಲ್ಲಿ ಹೆಚ್ಚು ಕಾಣಬೇಕಿತ್ತು. ಅದು ಅಲುಗಿರಲಿಲ್ಲ. ಸೇತುವೆಯ ಹೊಣೆ ಹೊತ್ತಿದ್ದ ಎಂಜಿನಿಯರ್ ಸುಧಾಕರನಿಗೆ ಫೋನ್ ಮಾಡಿದೆ.

“ಕನ್ನಡಿ ಸ್ಕ್ರೂ ಸಡ್ಲ ಆಯಿಪ್ಪುಕೂ ಸಾಕ್ ಮೇಡಂ,” ಎಂದ. “ಎರಡ್ ಮಿಲಿಮೀಟರಿಗೆ ಸೇತುವೆ ಬಂದ್ ಮಾಡ್ರೆ ಜನ ನನ್ನ್ ಬಿಡ್ತ್ರಾ?”

ಅವನ ಅನುಮಾನದಲ್ಲಿ ತಪ್ಪಿರಲಿಲ್ಲ. ಹತ್ತಿರದಲ್ಲೇ ಗಿರಿಜಕ್ಕ ಎಂಬವರು ಕಪ್ಪೆಚಿಪ್ಪು ಹೆಕ್ಕುತ್ತಿದ್ದರು. ಅವರ ದೋಣಿ ಹತ್ತಿ ಕಂಬಕ್ಕೆ ಹೋದೆ. ಕನ್ನಡಿಯನ್ನು ಎರಡೂ ಕೈಯಿಂದ ಅಲುಗಿಸಿದೆ, ಬಿಗಿಯಾಗಿತ್ತು. ವಿಷಯ ಹೇಳಿದ್ದೇ ತಡ, ಗಿರಿಜಕ್ಕ ನೀರಿಗಿಳಿದು ಮುಳುಗಿದರು. ಮೇಲೆ ಬಂದಾಗ ಏದುಸಿರು.

“ಅಮ್ಮಾ, ಬುಡದಗೆ ಮಣ್ಣೇ ಇಲ್ಲ ಕಾಣಿ. ನನ್ನ್ ಕೈ ಪೂರಾ ಒಳ್ಗೆ ಹೋತ್ತ್.”

“ಯಾವಾಗಿನಿಂದ ಹೀಗಿದೆ?”

“ಮಳಿಗಾಲ ಕಳ್ದಲ್ಲಿಂದ್ಲೂ ಹಿಂಗೇ. ನಮ್ಮತ್ರ ಯಾರ್ ಕೇಂತ್ರ್?”

ಗಂಟೆ ಮೂರೂಮುಕ್ಕಾಲು. ನಾಲ್ಕಕ್ಕೆ ಶಾಲೆಯ ಬಸ್ಸು ದಾಟುತ್ತದೆ. ದೋಣಿಯಿಂದಲೇ ಮತ್ತೆ ಫೋನ್ ಮಾಡಿದೆ. “ಬರ್ದ್ ಕೊಡ್ತ್ರಿಯಾ?” ಎಂದ ಸುಧಾಕರ.

“ನನ್ನ ಹೆಸರಲ್ಲೇ ಕೊಡುತ್ತೇನೆ. ಬಸ್ಸು ನಿಲ್ಲಿಸಿ.”

ಅವನು ಬರಲು ಇಪ್ಪತ್ತು ನಿಮಿಷ ಬೇಕಿತ್ತು. ಅಂಕಿಗಳ ಹಾಳೆಯ ಹಿಂದೆ ಮೂರು ಸಾಲು ಬರೆದು, ಸಹಿ ಹಾಕಿ, ಚಿತ್ರ ತೆಗೆದು ಕಳಿಸಿದೆ. ಗಿರಿಜಕ್ಕ ಗಳ ಊರಿ ದೋಣಿಯನ್ನು ದಡಕ್ಕೆ ತಂದರು. ಓಡಿ ರಸ್ತೆಗೆ ಹತ್ತುವಾಗ ಬಸ್ಸು ತಿರುವಿನಲ್ಲಿ ಕಾಣಿಸಿತು. ನಾನು ಕೈ ಬೀಸಿದೆ. ಚಾಲಕ ಹಾರ್ನ್ ಹೊಡೆದ. ಗಿರಿಜಕ್ಕ ಮಾತ್ರ ಒದ್ದೆ ಸೀರೆಯಲ್ಲೇ ರಸ್ತೆಯ ನಡುವೆ ನಿಂತರು.

“ಹ್ವಾಯ್, ನಿಲ್ಸ್! ಹೋಪುಕಾಗ!”

ಬಸ್ಸು ಅವರಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು.

ಸುಧಾಕರ ಬಂದು ಡ್ರಮ್ ಅಡ್ಡವಿಟ್ಟು ಸೇತುವೆ ಮುಚ್ಚಿದ. ಮುಂದಿನ ಐದು ದಿನ ಜನ ಹದಿನೆಂಟು ಕಿಲೋಮೀಟರ್ ಸುತ್ತಿದರು. ಬೈಗುಳ ನಮ್ಮಿಬ್ಬರಿಗೂ ಸಾಕಷ್ಟು ಬಿತ್ತು. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ನನ್ನ ಮುಖಕ್ಕೇ ಕೇಳಿದರು: “ಮಿಷನ್ ಹೇಳ್ತ್ ಅಂದೇಳಿ ನಾವ್ ನಡೀಕಾ?” ಕಂಬ ಹಾಗೇ ನಿಂತಿದ್ದ ಒಂದೊಂದು ದಿನವೂ ನಾನೇ ತಪ್ಪಿದೆನೇನೋ ಎನಿಸುತ್ತಿತ್ತು.

ಸೇತುವೆ ಮುಚ್ಚಿದ ಆರನೇ ದಿನ ಬೆಳಿಗ್ಗೆ ಮೂರನೇ ಕನ್ನಡಿಯಿಂದ ಬೆಳಕು ಮರಳಲೇ ಇಲ್ಲ. ತಲೆಯೆತ್ತಿ ನೋಡುವಷ್ಟರಲ್ಲಿ ಕಂಬ ಓರೆಯಾಗಿ, ಅದರ ಮೇಲಿದ್ದ ರಸ್ತೆಯ ಭಾಗ ಹೊಳೆಗೆ ಜಾರಿತು. ಮೇಲೆ ಯಾರೂ ಇರಲಿಲ್ಲ. ಸುದ್ದಿ ತಿಳಿದು ಬಂದ ಸುಧಾಕರ ದೋಣಿಯತ್ತ ಕೂಗಿದ: “ಗಿರಿಜಕ್ಕ, ಉಳ್ದ್ ಕಂಬನೂ ಒಂದ್ಸಲ ಕಾಣ್ತ್ರಿಯಾ?”

ಮೂವತ್ತು ವರ್ಷ ಅಳತೆಯ ಕೆಲಸ ಮಾಡಿದವಳು ನಾನು. ಅಂಕಿಗೆ ತನ್ನಷ್ಟಕ್ಕೆ ಬಸ್ಸು ನಿಲ್ಲಿಸಲು ಬರುವುದಿಲ್ಲ, ಅದರ ಕೆಳಗೆ ಯಾರಾದರೂ ಹೆಸರು ಬರೆಯಬೇಕು ಎಂದು ಅಲ್ಲಿ ಕಲಿತೆ. ಆ ನಂತರದ ಪ್ರತಿ ಕೆಲಸದಲ್ಲೂ ಉಪಕರಣದ ಪೆಟ್ಟಿಗೆ ಬಿಚ್ಚುವ ಮುನ್ನ, ಆ ಜಾಗದಲ್ಲಿ ದಿನವೂ ದುಡಿಯುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದೆ.