ಕೊಕ್ಕರೆ ದಿಬ್ಬದ ಅಗಾಫಿಯ

ಅಗಾಫಿಯ ಕಥೆ ಬೇಕು ಅಂತ ಕೂತಿದ್ದೀಯಲ್ಲ, ಹೇಳ್ತೀನಿ ಬರ್ಕೋ. ಆದ್ರೆ ಒಂದು ತಿಳ್ಕೋ, ಅವಳು ನಂಗೆ ಸೋದರತ್ತೆ ಮಗಳು. ಈ ಹಿಮದ ನಾಡಿನ ನಮ್ಮ ಯುಪಿಕ್ ಜನದಲ್ಲಿ ಅತ್ತೆ ಮಗಳು ಮಾವನ ಮಗಳು ಅಂದ್ರೆ ಒಬ್ಬರನ್ನೊಬ್ಬರು ಕಿಚಾಯಿಸೋದೇ ಕೆಲಸ. ಒಡಹುಟ್ಟಿದೋರು ಬಾಯಿಬಿಟ್ಟು ಹೇಳಬಾರದ್ದನ್ನ ನಾವು ನಾಲ್ಕು ಜನರ ಮುಂದೆ ಹೇಳಬಹುದು, ಹೇಳಿಸಿಕೊಂಡೋರು ಕೋಪ ಮಾಡ್ಕೊಳ್ಳೋ ಹಾಗಿಲ್ಲ. ಹಂಗಾಗಿ ನಾನು ಅವಳನ್ನ ಆಡಿಕೊಂಡ್ರೆ ಅದು ಪ್ರೀತಿ ಅಂತಾನೇ ಬರ್ಕೋ.

ಅನುಮಾನ ಅನ್ನೋದಕ್ಕೆ ಕೈಕಾಲು ಬಂದ್ರೆ ಹೆಂಗಿರುತ್ತೋ ಹಂಗಿದ್ಳು ಅವಳು. ನಮ್ಮನೆಗೆ ಬಂದ್ರೆ ಚಹಾ ಕೊಟ್ಟ ತಕ್ಷಣ ಕುಡೀತಿರಲಿಲ್ಲ, ನಾನು ಒಂದು ಗುಟುಕು ಕುಡಿಯೋದನ್ನ ನೋಡಿ ಆಮೇಲೆ ಬಟ್ಟಲು ಎತ್ತೋಳು. ಅರವತ್ತು ವರ್ಷ ಹಿಂಗೇ. "ನಿನಗೆ ವಿಷ ಹಾಕೋದಿದ್ರೆ ನಿನ್ನ ಮದುವೇಲೇ ಹಾಕ್ತಿದ್ದೆ ಕಣೇ, ಅವನನ್ನ ನಾನೇ ಕಟ್ಕೋತಿದ್ದೆ" ಅಂತಿದ್ದೆ ನಾನು. "ಅವನನ್ನ ಕಟ್ಕೊಂಡಿದ್ರೆ ಆ ವಿಷ ನೀನೇ ಕುಡೀತಿದ್ದೆ" ಅಂತಿದ್ಳು. ಪಾಪ, ಒಳ್ಳೆ ಗಂಡ. ನದಿ ಮಂಜುಗಡ್ಡೆ ಇನ್ನೂ ತೆಳ್ಳಗಿದ್ದಾಗ ದಾಟಕ್ಕೆ ಹೋದ, ಬರಲಿಲ್ಲ. ಆಮೇಲೆ ಇಸ್ಕೂಲಲ್ಲಿ ಅಡುಗೆ ಮಾಡ್ಕೊಂಡು ಮೂರು ಮಕ್ಕಳನ್ನ ಸಾಕಿದ್ಳು. ಅಲ್ಲೂ ಅಷ್ಟೇ, ಡಬ್ಬಿ ಮೇಲೆ ಬಟಾಣಿ ಚಿತ್ರ ಇದ್ರೆ ತೆಗೆದು ಬಟಾಣೀನೇ ಅಂತ ನೋಡೋ ತನಕ ನಂಬ್ತಿರಲಿಲ್ಲ. ಒಂದ್ಸಲ ಬಟಾಣಿ ಡಬ್ಬೀಲಿ ಜೋಳ ಸಿಕ್ತು ನೋಡು, ಹತ್ತು ವರ್ಷ ಅದನ್ನೇ ಹೇಳಿದ್ಳು.

ಕಂಪನಿ ವಿಷಯಕ್ಕೆ ಬರ್ತೀನಿ. ಎಪ್ಪತ್ತೊಂದರಲ್ಲಿ ಸರ್ಕಾರ ನಮ್ಮ ನೆಲದ ತಕರಾರು ಮುಗಿಸ್ತೀನಿ ಅಂತ ಕಾನೂನು ಮಾಡ್ತಲ್ಲ, ನೆಲಾನ ನಮ್ಮ ಕೈಗೆ ಕೊಡಲಿಲ್ಲ, ಕಂಪನಿ ಮಾಡ್ಕೊಳ್ಳಿ ಅಂತು, ನಮ್ಮನ್ನೆಲ್ಲ ಷೇರುದಾರರು ಅಂತು. ಅಗಾಫಿಯ ಆ ಷೇರಿನ ಕಾಗದಾನ ಮೂಗಿನ ಹತ್ರ ಹಿಡಿದು ಮೂಸಿ, "ಇದ್ರಲ್ಲಿ ಮಣ್ಣಿನ ವಾಸನೇನೇ ಇಲ್ವಲ್ಲೇ ಪಾಶಾ" ಅಂದ್ಳು, ಪಾಶಾ ಅಂದ್ರೆ ನಾನು. ಆಮೇಲೆ ಗೊತ್ತಾಯ್ತು, ಮೇಲಿನ ನೆಲ ನಮ್ಮೂರ ಕಂಪನೀದು, ಒಳಗಿನ ಕಲ್ಲು ಮಣ್ಣು ಪಟ್ಟಣದಲ್ಲಿರೋ ದೊಡ್ಡ ಕಂಪನೀದು ಅಂತ. ಒಂದು ವರ್ಷದ ಸಭೇಲಿ ಎದ್ದು ನಿಂತು ಕೇಳಿದ್ಳು, "ನಿಕೊಲಾಯ್, ಹಣ್ಣಿನ ಗಿಡ ನಿಮ್ಮದು. ಕಲ್ಲು ಅವರದ್ದು. ಬೇರು ಯಾರದ್ದಪ್ಪಾ?" ನಿಕೊಲಾಯ್ ಅಂದ್ರೆ ನಮ್ಮಣ್ಣನ ಮಗ, ಊರ ಕಂಪನಿ ಅಧ್ಯಕ್ಷ. ತಲೆ ಕೆರ್ಕೊಂಡು, "ಚಿಕ್ಕಮ್ಮಾ, ಅದು ವಕೀಲರನ್ನ ಕೇಳಬೇಕು" ಅಂದ. "ಬೇರಿಗೂ ವಕೀಲ ಬಂದ್ನಾ!" ಅಂತ ಕೂತ್ಕೊಂಡ್ಳು.

ಇನ್ನು ಸಂಘದೋರು. ಅವರು ಕಂಪನಿ ಅಲ್ಲ, ಲಾಭ ಮಾಡೋರಲ್ಲ, ಐವತ್ತು ಹಳ್ಳಿಗೂ ಸೇರಿ ಒಂದೇ ಸಂಘ. ಮುದುಕರಿಗೆ ಊಟ, ಮಕ್ಕಳಿಗೆ ನಮ್ಮ ಭಾಷೆ, ಎಲ್ಲ ಅವರೇ ನೋಡ್ಕೊಳ್ಳೋದು. "ಸಂಘದೋರು ತುಂಬಾ ಒಳ್ಳೆಯೋರು, ಅದಕ್ಕೇ ನಂಗೆ ಭಯ" ಅಂತಿದ್ಳು ಅಗಾಫಿಯ.

ನಗಬೇಡ. ಅವಳಿಗೆ ಕಾರಣ ಇತ್ತು. ಅವಳು ಏಳು ವರ್ಷದೋಳಿದ್ದಾಗ ಒಬ್ಬ ನಕ್ಷೆ ಹಿಡ್ಕೊಂಡು ಅವರ ಮೀನಿನ ಬಿಡಾರಕ್ಕೆ ಬಂದಿದ್ನಂತೆ. ಅವಳಪ್ಪ ಉದಾರಿ. ಒಣಮೀನು ತಿನ್ನಿಸಿ, ಎಲ್ಲಿ ಬಲೆ ಹಾಕ್ತೀವಿ, ಯಾವ ಮಡುವಲ್ಲಿ ದೊಡ್ಡ ಮೀನು ಅಂತೆಲ್ಲ ಬೆರಳಿಟ್ಟು ತೋರಿಸಿದ್ರು. ಮುಂದಿನ ಬೇಸಿಗೇಲಿ ಆ ಮಡುವಲ್ಲಿ ಇಪ್ಪತ್ತು ದೋಣಿ, ಒಂದೂ ನಮ್ಮದಲ್ಲ. ಅಪ್ಪ ದಡದಲ್ಲಿ ಬಲೆ ಮಡಚಿಕೊಂಡು ಕೂತಿದ್ದನ್ನ ಅವಳು ನೋಡಿದ್ದಾಳೆ. ಕಾಗದಕ್ಕೆ ಜಾಗ ತೋರಿಸಬಾರದು ಅಂತ ಅವತ್ತೇ ಕಲಿತಳು.

ಅವಳ ಜಾಗ ಅಂದ್ರೆ ಹಣ್ಣಿನ ಜಾಗ. ಆಗಸ್ಟು ಬಂದ್ರೆ ಆ ಕಿತ್ತಳೆ ಬಣ್ಣದ ಜೌಗುಹಣ್ಣಿಗೆ ಊರೆಲ್ಲ ಹೊರಡುತ್ತೆ, ಆದ್ರೆ ಯಾರು ಎಲ್ಲಿಗೆ ಹೋಗ್ತಾರೆ ಅಂತ ಯಾರೂ ಹೇಳಲ್ಲ. ಗಂಡ ಹೆಂಡತಿಗೆ ಹೇಳದೇ ಇದ್ದದ್ದೂ ಉಂಟು. ಅಗಾಫಿಯ ಹತ್ರ ಮಾತ್ರ ಹಣ್ಣಿಲ್ಲದ ವರ್ಷಾನೂ ಎರಡು ಬಕೆಟ್ಟು ತುಂಬಿರೋದು. ಊರಲ್ಲಿ ಸಾವಾದ್ರೆ, ಮಗು ಹುಟ್ಟಿದ್ರೆ, ಕೊಬ್ಬಿನ ಜೊತೆ ಕಡೆದು ಮಾಡೋ ಅಕುತಕ್ ಅನ್ನೋ ಸಿಹಿಗೆ ಹಣ್ಣು ಅವಳ ಮನೆಯಿಂದಾನೇ ಬರ್ತಿತ್ತು. ಕೊಡೋದ್ರಲ್ಲಿ ಕೈ ದೊಡ್ಡದು. ಜಾಗ ಹೇಳೋದ್ರಲ್ಲಿ ಕಲ್ಲು. ನಾನೊಂದು ವರ್ಷ ಕದ್ದು ಹಿಂಬಾಲಿಸಿದೆ. ಆ ಹಾಳಾದೋಳು ಹಿಂದೆ ತಿರುಗಿ ನೋಡಲೇ ಇಲ್ಲ, ಸಾಯಂಕಾಲದ ತನಕ ನನ್ನನ್ನ ಸುತ್ತಾಡಿಸಿ, ತಂದು ನಮ್ಮನೆ ಹಿತ್ತಲಲ್ಲೇ ಬಿಟ್ಳು. ಸೊಳ್ಳೆ ಕಡಿದು ನನ್ನ ಮುಖ ರೊಟ್ಟಿ ಆಗಿತ್ತು.

ಆಯ್ತಾ. ನಾವು ಮುದುಕೀರಾದ ಮೇಲೆ ಒಂದು ವರ್ಷ ಮಾರ್ಚಲ್ಲಿ, ಎಲ್ಲ ಹಿಮದಡಿ ಇದ್ದಾಗ, ಸಂಘದಿಂದ ಲೂಸಿಲ್ ಅಂತ ಹುಡುಗಿ ಬಂದ್ಳು. ನದಿ ಮೇಲಿನ ಹಳ್ಳಿಯೋಳು, ನಮ್ಮ ಭಾಷೆ ಚೆನ್ನಾಗಿ ಆಡ್ತಿದ್ಳು, ಸ್ವಲ್ಪ ಪುಸ್ತಕ ಓದಿದಂಗೆ. ಮನೆಮನೆಗೆ ಹೋಗಿ ನಕ್ಷೆ ಹಾಸೋಳು. ನಾನು ಅಗಾಫಿಯ ಮನೇಲೇ ಇದ್ದೆ, ಒಣಮೀನು ಹರೀತಾ.

"ಅಜ್ಜಿ, ನೀವು ಹಣ್ಣು ಕೊಯ್ಯೋ ಜಾಗ ತೋರಿಸಿದ್ರೆ ನೀಲಿ ಬಣ್ಣ ಹಚ್ತೀನಿ. ನೀಲಿ ಇರೋ ಕಡೆ ಯಾರೂ ಮುಟ್ಟೋ ಹಾಗಿಲ್ಲ."

"ಯಾರು ಮುಟ್ಟಕ್ಕೆ ಬರ್ತಾ ಇದ್ದಾರೆ?"

"ಯಾರೂ ಇಲ್ಲ ಅಜ್ಜಿ. ಮುಂದೆ ಯಾರಾದ್ರೂ ಬಂದ್ರೆ ಅಂತ."

"ಯಾರೂ ಬರದೇ ಇದ್ರೆ ಬೇಲಿ ಯಾಕಮ್ಮಾ?" ಅಂದ್ಳು ಅಗಾಫಿಯ. ಆದ್ರೆ ನಗ್ತಾನೇ ಎದ್ದು, ಕನ್ನಡಕ ಹಾಕ್ಕೊಂಡು, ನಕ್ಷೆ ಮೇಲೆ ಬಗ್ಗಿ, ಒಂದು ಕಡೆ ಬೆರಳಿಟ್ಳು. ನಂಗೆ ನಗು ತಡೆಯಕ್ಕಾಗದೆ ಮೀನಿನ ಕಡೆ ಮುಖ ತಿರುಗಿಸಿದೆ. ಅವಳು ತೋರಿಸಿದ್ದು ಬೂಟು ನುಂಗೋ ಜೌಗನ್ನ. ಊರ ಕೆಳಗೆ ಇದೆಯಲ್ಲ, ಅದೇ. ಅಲ್ಲಿ ಕಾಲಿಟ್ರೆ ಬೂಟು ಒಳಗೇ ಉಳಿಯುತ್ತೆ, ಕಾಲು ಮಾತ್ರ ಮನೆಗೆ ಬರುತ್ತೆ. ಹಣ್ಣು ಅನ್ನೋದು ಮದ್ದಿಗೂ ಇಲ್ಲ.

"ಈ ಜಾಗದ ಹೆಸರೇನಜ್ಜಿ?"

"ಸಿಹಿ ಬಯಲು" ಅಂದ್ಳು ಮಹಾತಾಯಿ, ರೆಪ್ಪೆ ಹೊಡೀದೆ.

ಸಂಜೆ ಹಬೆಮನೇಲಿ ಬಿಸಿಗಲ್ಲಿಗೆ ನೀರು ಹಾಕ್ಕೊಂಡು ಕೂತಾಗ ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ವಿ. ನಾನು ಮಾತ್ರ ಒಂದು ಹೇಳಲಿಲ್ಲ. ಹಿಂದಿನ ದಿನ ಲೂಸಿಲ್ ನಮ್ಮನೆಗೂ ಬಂದಿದ್ಳು, ನಾನೂ ಅದೇ ಜೌಗನ್ನ ತೋರಿಸಿ, "ಅಜ್ಜಿ ಬಟ್ಟಲು" ಅಂತ ಹೆಸರು ಬೇರೆ ಕೊಟ್ಟಿದ್ದೆ.

ಮೇ ತಿಂಗಳಲ್ಲಿ ನದಿ ಮಂಜುಗಡ್ಡೆ ಒಡೀತು. ಅದಾದ ಮೇಲೆ ಊರ ಚಾವಡೀಲಿ ಸಭೆ ಕರೆದ್ರು. ವಿಮಾನ ಇಳಿಯೋ ಹಳೇ ರನ್‌ವೇ ಕುಸೀತಿತ್ತು, ಹೊಸದಕ್ಕೆ ಜಲ್ಲಿ ಬೇಕು. ಜಲ್ಲಿ ಒಳಗಿನ ಕಲ್ಲಲ್ವಾ, ಅದಕ್ಕೆ ದೊಡ್ಡ ಕಂಪನಿಯಿಂದ ಒಬ್ಬ ಬಂದಿದ್ದ, ಎಲ್ಲರಿಗೂ ಕೈ ಕುಲುಕ್ತಾ. ಬಾತುಕೋಳಿ ಸಾರು ಘಮಘಮ ಅಂತಿತ್ತು. ಗೋಡೆ ಮೇಲೆ ಲೂಸಿಲ್ ಮಾಡಿದ ನಕ್ಷೆ. ನೀಲಿ ಒಂದೇ ಒಂದು ಕಡೆ, ದಪ್ಪಗೆ. ಕೆಂಪು ಸುತ್ತು ಇನ್ನೊಂದು ಕಡೆ, ಅಲ್ಲಿ ಜಲ್ಲಿ ತೆಗೀತಾರೆ.

ಆ ಕೆಂಪು ಸುತ್ತು ನದಿ ದಡದ ಕೊಕ್ಕರೆ ದಿಬ್ಬದ ಮೇಲಿತ್ತು. ನಂಗೇನೂ ಅನ್ನಿಸಲಿಲ್ಲ. ಅಷ್ಟರಲ್ಲಿ ನನ್ನ ಮಂಡಿಗೆ ಉಗುರು ಚುಚ್ಚಿತು. ತಿರುಗಿ ನೋಡಿದ್ರೆ ಅಗಾಫಿಯ ಮುಖ ಬೂದಿ. ಅರವತ್ತು ವರ್ಷ ಹುಡುಕಿದ ಗುಟ್ಟು ಅವಳ ಮುಖದ ಮೇಲೇ ಬರೆದಿತ್ತು ಕಣೇ. ಅವಳಮ್ಮ, ಅಂದ್ರೆ ನನ್ನ ಸೋದರತ್ತೆ, ಕೊಯ್ತಿದ್ದ ಜಾಗ ಅದು.

ದೊಡ್ಡ ಕಂಪನಿಯೋನು ಹೇಳ್ತಿದ್ದ, "ಹಿರಿಯರು ಯಾರೂ ಈ ದಿಬ್ಬದ ಹೆಸರು ಎತ್ತಿಲ್ಲ, ಅದಕ್ಕೇ ಆರಿಸಿದ್ದೀವಿ. ನಿಮ್ಮ ಮಾತಿಗೆ ಗೌರವ ಕೊಟ್ಟಿದ್ದೀವಿ."

ಲೂಸಿಲ್ ಖುಷಿಯಿಂದ ನೀಲಿ ತೋರಿಸಿದ್ಳು. "ಇದು ನಿಮಗೆಷ್ಟು ಮುಖ್ಯ ಅಂತ ನಂಗೆ ಗೊತ್ತಾಯ್ತು. ಹನ್ನೊಂದು ಮನೇಲಿ ಕೇಳಿದೆ, ಇಬ್ಬರು ಗೊತ್ತಿಲ್ಲ ಅಂದ್ರು, ಒಂಬತ್ತು ಜನ ಇದೇ ಜಾಗ ತೋರಿಸಿದ್ರು. ಒಂಬತ್ತು ಹೆಸರಿದೆ ಇದಕ್ಕೆ!" ಅಂತ ಓದಕ್ಕೆ ಶುರು ಮಾಡಿದ್ಳು. ಸಿಹಿ ಬಯಲು. ಅಜ್ಜಿ ಬಟ್ಟಲು. ನಗೋ ಹುಲ್ಲು. ಒಂದೊಂದು ಹೆಸರಿಗೂ ಒಬ್ಬೊಬ್ಬ ಮುದುಕ, ಮುದುಕಿ ನೆಲ ನೋಡಕ್ಕೆ ಶುರು ಮಾಡಿದ್ರು. ಚಾವಡಿ ತುಂಬ ಬಗ್ಗಿದ ತಲೆ. ಊರಿಗೆ ಊರೇ ಸೇರಿ ಆ ಜೌಗನ್ನ ಕಾಪಾಡಿದ್ವಿ.

"ಆಕ್ಷೇಪ ಇದ್ಯಾ?" ಅಂದ ನಿಕೊಲಾಯ್.

ಅಗಾಫಿಯ ನನ್ನ ಮಂಡೀನ ಇನ್ನೂ ಗಟ್ಟಿಯಾಗಿ ಹಿಡ್ಕೊಂಡ್ಳು. ನಂಗೆ ಅರ್ಥ ಆಯ್ತು. ಹಿರಿಯರು ನೆಲದ ವಿಷಯದಲ್ಲಿ ಆಡಿದ ಮಾತು ಸುಳ್ಳಾಗಬಾರದು ಅಂತ ನಾವೇ ಮಕ್ಕಳಿಗೆ ಹೇಳಿಕೊಟ್ಟಿರೋದು. ಈಗ ಬಾಯಿ ಬಿಟ್ರೆ ಅವಳು ಸುಳ್ಳಿ. ಬಿಡದೇ ಇದ್ರೆ ಬೇಸಿಗೇಲಿ ದಿಬ್ಬ ಲಾರಿ ಹತ್ತುತ್ತೆ. ಬೇರೆ ಯಾರೂ ಅವಳನ್ನ ಎಬ್ಬಿಸೋ ಹಾಗಿರಲಿಲ್ಲ. ನಾನು ಮಾವನ ಮಗಳು.

ಜೋರಾಗಿ ಅಂದೆ, "ಅಲ್ವೇ ಅಗಾಫಿಯ, ಬೂಟು ನುಂಗೋ ಜೌಗಲ್ಲಿ ನಿಂಗೆ ಎರಡೆರಡು ಬಕೆಟ್ಟು ಹಣ್ಣು ಸಿಗುತ್ತಾ? ನಂಗೆ ಬರೀ ಬೂಟು ಸಿಕ್ತಲ್ಲ!"

ಒಬ್ಬರು ಕಿಸಕ್ಕಂದ್ರು. ಆಮೇಲೆ ಚಾವಡಿಗೆ ಚಾವಡೀನೇ ನಗ್ತು. ಲೂಸಿಲ್ ಮಾತ್ರ ಕಾಗದ ಹಿಡ್ಕೊಂಡು ನಿಂತಿದ್ಳು, ಪಾಪ, ಕಿವಿ ಕೆಂಪಾಗಿತ್ತು.

ಅಗಾಫಿಯ ಎದ್ದಳು. "ನಗ್ರಿ. ನಾನು ಈ ಹುಡುಗಿಗೆ ಸುಳ್ಳು ಹೇಳಿದೆ. ಕಂಪನಿ ಮೇಲಿನ ಅನುಮಾನಕ್ಕೆ ಹೇಳಿದೆ. ನಿಮ್ಮೆಲ್ಲರ ಮೇಲಿನ ಅನುಮಾನಕ್ಕೂ ಹೇಳಿದೆ, ಅದೂ ನಿಜ. ಆ ಕೆಂಪು ಹಚ್ಚಿದ್ದೀರಲ್ಲ, ಅದು ನಮ್ಮಮ್ಮ ನಂಗೆ ಕೊಟ್ಟ ದಿಬ್ಬ. ಅದನ್ನ ಅಗೀಬೇಡಿ."

ದೊಡ್ಡ ಕಂಪನಿಯೋನು ನಯವಾಗಿ, "ಅಜ್ಜಿ, ಮಾರ್ಚಲ್ಲಿ ಒಂದು ಹೇಳಿದ್ರಿ, ಮೇ ತಿಂಗಳಲ್ಲಿ ಇನ್ನೊಂದು ಹೇಳ್ತೀರಿ. ನಾವು ಯಾವುದನ್ನ ನಂಬೋದು?" ಅಂದ.

ಕೇಳಬೇಕಾದ್ದೇ. ಅಗಾಫಿಯ ಮುಖ ಕೆಂಪಾಯ್ತು, ಆದ್ರೆ ಕೂರಲಿಲ್ಲ. "ನಂಬಬೇಡ. ನಾನೂ ನಿನ್ನನ್ನ ನಂಬಲ್ಲ. ಆಗಸ್ಟಿಗೆ ಬಾ, ಕಾಲಲ್ಲಿ ನಡೆದು ನೋಡು."

ನಿಕೊಲಾಯ್ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿದ. ಮೇಲಿನ ನೆಲ ನಮ್ಮದು, ನೋಡೋ ತನಕ ನಾವು ದಾರಿ ಕೊಡಲ್ಲ ಅಂದ. ಲೂಸಿಲ್ ಗೋಡೆಯಿಂದ ನಕ್ಷೆ ಬಿಚ್ಚಿ ಸುರುಳಿ ಸುತ್ತಿದ್ಳು. "ಒಂಬತ್ತೂ ಮನೆಗೆ ಮತ್ತೆ ಬರ್ತೀನಿ. ಈ ಸಲ ಹಿಮ ಕರಗಿದ ಮೇಲೆ" ಅಂತ ನನ್ನ ಮುಖಾನೇ ನೋಡಿ ಅಂದ್ಳು. ಚುರುಕಾಗಿದ್ಳು ಹುಡುಗಿ.

ಆಗಸ್ಟಲ್ಲಿ ಹೊರಟ್ವಿ. ಸಾಕ್ಷಿಗೆ ಅಂತ ಏಳು ದೋಣಿ. ಸಾಕ್ಷಿಗೆ ಯಾಕಪ್ಪ ಬಕೆಟ್ಟು ಅಂದ್ರೆ ಎಲ್ಲರೂ ದೋಣಿ ತಳ್ಳಕ್ಕೆ ಶುರು ಮಾಡಿದ್ರು. ದಿಬ್ಬ ಹತ್ತಿದ್ರೆ, ಅಯ್ಯೋ ಮಗಾ, ಅದರ ಬುಡದ ಸುತ್ತ ನೆಲ ಕಾಣ್ತಿರಲಿಲ್ಲ, ಅಷ್ಟು ಹಣ್ಣು. ದಿಬ್ಬದಿಂದ ಇಳಿಯೋ ನೀರಿಗೇ ಅವು ಬೆಳೆಯೋದಂತೆ. ದೊಡ್ಡ ಕಂಪನಿಯೋನು ಚಿತ್ರ ತೆಗೆಯಕ್ಕೆ ಹೋದ. ಅಗಾಫಿಯ ಅವನ ಕೈಗೆ ಬಕೆಟ್ಟು ಕೊಟ್ಳು. "ಬಗ್ಗು. ಚಿತ್ರ ತಿನ್ನಕ್ಕಾಗಲ್ಲ." ಬಗ್ಗಿದ. ಮಧ್ಯಾಹ್ನದ ತನಕ ಬಗ್ಗಿದ. ಹೊರಡುವಾಗ ಸೊಂಟ ಹಿಡ್ಕೊಂಡು, "ಬರೆದು ಕಳಿಸ್ತೀನಿ" ಅಂದ.

ಬರೆದೂ ಕಳಿಸಿದ್ರು, ಕೊಕ್ಕರೆ ದಿಬ್ಬ ಕೈಬಿಟ್ಟಿದ್ದೀವಿ ಅಂತ. ನಿಕೊಲಾಯ್ ಓದಿ ಹೇಳಿದ. ನಾನು ಓದಿ ಹೇಳಿದೆ. ಲೂಸಿಲ್ ಫೋನಲ್ಲಿ ಹೇಳಿದ್ಳು. ಅಗಾಫಿಯ ಹೂಂ ಅಂದ್ಳು, ಮುಂದಿನ ಬೇಸಿಗೆಗೆ ಗುಡಾರ ಕಟ್ಕೊಂಡು ದಿಬ್ಬದ ಮೇಲೆ ಹೋಗಿ ಕೂತ್ಳು. ಹೋಗುವಾಗ ನನ್ನ ಬಾಗಿಲಿಗೆ ಬಂದು, "ಬರ್ತೀಯೇನೇ? ಹೆಂಗೂ ಗೊತ್ತಾಗೋಯ್ತಲ್ಲ" ಅಂದ್ಳು. ಅರವತ್ತು ವರ್ಷಕ್ಕೆ ಕರೆದದ್ದು ಹಿಂಗೆ.

ಹದಿನಾರು ದಿನ ಇದ್ವಿ. ಗಟ್ಟಿ ಬಿಸ್ಕತ್ತು, ಒಣಮೀನು, ಚಹಾ. ಹದಿನೇಳನೇ ದಿನ ಯಂತ್ರ ಹೊತ್ತ ಬಾರ್ಜು, ಅದೇ ಸಾಮಾನು ಸಾಗಿಸೋ ಚಪ್ಪಟೆ ದೋಣಿ, ನದೀಲಿ ಬಂತು. ಅಗಾಫಿಯ ಎದ್ದು ದಿಬ್ಬದ ತುದೀಲಿ ನಿಂತಳು, ಕೈಲಿ ಏನೂ ಇಲ್ಲ, ಐದಡಿ ಮುದುಕಿ, ತಲೆಗೆ ಹೂವಿನ ವಸ್ತ್ರ. ಬಾರ್ಜು ನಮ್ಮ ಹತ್ರ ನಿಧಾನ ಆಯ್ತು. ಅಲ್ಲಿ ನೀರು ಆಳ ಕಮ್ಮಿ, ಅದಕ್ಕೆ ನಿಧಾನ ಮಾಡಿದ್ದು, ಅಷ್ಟೇ. ದಾಟಿ ಮೇಲಕ್ಕೆ ಹೋಯ್ತು. ತಿರುವಲ್ಲಿ ಮರೆಯಾಗೋ ತನಕ ಅವಳು ಕೂರಲಿಲ್ಲ.

"ಎಲ್ಲಿಗೆ ಹೋಗ್ತಿದೆ?" ಅಂದ್ಳು.

"ಮೇಲಿನ ತಿರುವಿನ ಗುಡ್ಡಕ್ಕಂತೆ. ಅಲ್ಲಿ ಯಾರ ಹಣ್ಣೂ ಇಲ್ಲ ಅಂತ ಎಲ್ಲರೂ ಹೇಳಿದ್ದಾರೆ."

ಅಗಾಫಿಯ ನನ್ನ ಕಡೆ ತಿರುಗಿದ್ಳು. "ಎಲ್ಲರೂ ಅಂದ್ರೆ ಯಾರ್ಯಾರೇ ಪಾಶಾ?"

ನಂಗೆ ಗೊತ್ತಿರಲಿಲ್ಲ. ಗುಡಾರ ಬಿಚ್ಚಿ, ದೋಣಿ ಹತ್ತಿ, ಊರಿಗೆ ಬಂದು ಕೇಳಕ್ಕೆ ಹೊರಟ್ವಿ, ಮನೆಮನೆಗೆ, ಇಬ್ಬರೂ.