ಅಕ್ಕೋರು ಹಾಕಿಸಿದ ಗರಸು

ಮಳೆಗಾಲದಲ್ಲಿ ನಮಗೆ ಇಂಗ್ಲಿಷ್ ಕಲಿಸುವ ಅಕ್ಕೋರು ಚಪ್ಪಲಿ ಕೈಯಲ್ಲಿ ಹಿಡಿದೇ ಶಾಲೆಗೆ ಬರುತ್ತಿದ್ದರು. ಪಾದಕ್ಕೆ ಮೆತ್ತಿದ ಎರೆಮಣ್ಣು ಹೆಜ್ಜೆ ಹೆಜ್ಜೆಗೂ ದಪ್ಪವಾಗಿ, ಬಾಗಿಲಿಗೆ ಬರುವಷ್ಟರಲ್ಲಿ ಒಂದು ಗೇಣು ಎತ್ತರವಾಗಿರುತ್ತಿದ್ದರು. "ಪುಕ್ಕಟೆ ಎತ್ತರ ಮಾಡತೈತಿ, ಯಾಕ ಬ್ಯಾಡ ಅನ್ನೂಣು?" ಎನ್ನುತ್ತ ಕಟ್ಟೆಯಂಚಿಗೆ ಕಾಲು ಕೆರೆಯುವರು. ಸಿಟ್ಟು ಬಂದರೆ ಮಾತ್ರ ದೇವರೇ ಗತಿ.

ಮೊರಬದ ಕಡೆಯ ನಮ್ಮೂರಿನಲ್ಲಿ ಗರಸು, ಅಂದರೆ ಸಣ್ಣ ಕೆಂಪು ಹಳ್ಳುಕಲ್ಲು, ಹಾಕಿದ ರಸ್ತೆ ನಮ್ಮ ಕೇರಿಯ ತಿರುವಿಗೇ ಮುಗಿಯುತ್ತಿತ್ತು. ಆಚೆ ಬರೀ ಕೆಸರು. ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ನಾನು ನಪಾಸಾದಾಗ, ಅವ್ವ ಕಳೆ ತೆಗೆಯುವ ಕುರ್ಚಿಗಿ ಕೈಗಿಟ್ಟು, "ನಾಳಿಂದ ಕೂಲಿಗೆ ಬಾ" ಎಂದಳು. ಕಾಲೇಜಿನ ಆಸೆ ಹೊತ್ತಿದ್ದ ನನಗೆ ಜೀವ ಹೋದಂತಾಯಿತು.

ಅದೇ ಸಂಜೆ ನಮ್ಮ ಮನೆಗೆಂದು ಹೊರಟ ಅಕ್ಕೋರು ಆ ತಿರುವಿನಲ್ಲಿ ಧೊಪ್ಪನೆ ಬಿದ್ದರು. ಓಡಿಹೋಗಿ ಎಬ್ಬಿಸಿದೆ. ಸೀರೆ ಹಿಂಡುತ್ತಲೇ ಕೇಳಿದರು:

"ಗ್ರಿಟ್ ಅಂದ್ರ ಏನವಾ? ಪಾಠದಾಗ ಬಂದಿತ್ತಲ್ಲ."

"ಗೊತ್ತಿಲ್ರಿ."

ನನ್ನನ್ನು ಹಿಂದೆ ಎಳೆದು ಗರಸಿನ ಮೇಲೆ ನಿಲ್ಲಿಸಿದರು. "ಈಗ ಜಾರತೈತೇನು?"

"ಇಲ್ರಿ."

"ಇದಾ ಗ್ರಿಟ್. ಹಳೇ ಇಂಗ್ಲಿಷಿನ್ಯಾಗ ಉಸುಕು, ಹಳ್ಳು, ಅಷ್ಟ. ಎದಿ ಗಟ್ಟಿತನಕ್ಕ ಆ ಹೆಸರು ಆಮ್ಯಾಲೆ ಬಂತು. ಬಿದ್ದಾವ್ರಿಗೆ ಎದ್ದು ನಿಲ್ಲಾಕ ಕಾಲಿಗೆ ಹಿಡಿತ ಬೇಕಲ್ಲ, ಅದು."

ಮನೆಗೆ ಬಂದು ಅವ್ವನಿಗೆ ಹೇಳಿದರು: "ತಂಗಿ, ಮರುಪರೀಕ್ಷಾ ತನಕ ಇಕಿ ನನ್ನ ಪಾಲು. ಕುರ್ಚಿಗಿ ಎಲ್ಲಿ ಓಡಿಹೋಗತೈತಿ?"

ದಿನಾ ಸಂಜೆ ಬಂದು ಓದಿಸಿದರು. ಜೊತೆಗೆ ಪಂಚಾಯ್ತಿ ಮೆಂಬರನ ಜೀವ ತಿಂದು, ಪರೀಕ್ಷೆಗೆ ಮೊದಲೇ ನಮ್ಮ ಕೇರಿಗೆ ಟ್ರ್ಯಾಕ್ಟರಿನಲ್ಲಿ ಗರಸು ತರಿಸಿದರು. ಕೇರಿಯವರೆಲ್ಲ ಸೇರಿ ಹರಡಿದೆವು. ಪರೀಕ್ಷೆಯ ದಿನ ಧೋ ಎಂದು ಮಳೆ. ನಾನು ಜಾರದೆ ಹೋಗಿ ಬಸ್ಸು ಹತ್ತಿದೆ. ಪಾಸಾದೆ. ಈಗ ಅಣ್ಣಿಗೇರಿಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ.

ಹೋದ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಹಿಡಿದ ಮಳೆ ಬಿಟ್ಟಿರಲಿಲ್ಲ. ಮಣ್ಣು ಮಾಡುವ ಜಾಗ ಊರಾಚೆಯ ಎರೆಹೊಲದಲ್ಲಿತ್ತು. ಚಟ್ಟ ಹೊತ್ತವರು ಕೆಸರಿಗೆ ಕಾಲಿಡಲು ಹೆದರಿ ನಿಂತುಬಿಟ್ಟರು. ಅಷ್ಟರಲ್ಲಿ ನಮ್ಮ ಕೇರಿಯವರು ಬುಟ್ಟಿಗಳಲ್ಲಿ ಗರಸು ಹೊತ್ತು ಬಂದರು. ನಾನೂ ಸೆರಗು ಸಿಕ್ಕಿಸಿ ಒಂದು ಬುಟ್ಟಿ ಹೊತ್ತೆ. ಅಳುತ್ತಲೇ ದಾರಿಯುದ್ದಕ್ಕೂ ಸುರುವಿದೆವು. ಎಲ್ಲರಿಗಿಂತ ಮುಂದಿದ್ದ ಅವ್ವ, ಹಾಸಿದ ಗರಸನ್ನು ಕಾಲಿಂದ ತುಳಿದು ನೋಡಿ, ಚಟ್ಟ ಹೊತ್ತವರತ್ತ ತಿರುಗಿ ಕೂಗಿದಳು:

"ಈಗ ಜಾರೂದಿಲ್ಲ, ಬರ್ರಿ. ನಮ್ಮ ಅಕ್ಕೋರ್ನ ಸಾವಕಾಶ ತರ್ರಿ."